ಕೀಲಿ ತೆಗೆದ ಮೇಲೂ ಓಡುವ ಎಂಜಿನ್

ರಾಯಕೋಟೆಯದು ಗುಡ್ಡಗಾಡಿನ ಸೀಮೆ. ದುರ್ಗದ ಬುಡದಿಂದ ಹೊಸೂರಿನ ಕಡೆಗೆ ತುಂಬಿದ ಕಾರು ಏರನ್ನು ಹತ್ತುವಾಗ ಎಂಜಿನ್ನಿನ ಟರ್ಬೊ ಬಿರುಸಾಗಿ ದುಡಿಯುತ್ತದೆ. ಹೊಗೆಯ ರಭಸಕ್ಕೆ ಅದರ ಚಕ್ರವು ನಿಮಿಷಕ್ಕೆ 1 ಲಕ್ಷಕ್ಕೂ ಮಿಕ್ಕಿ ಸುತ್ತುವುದುಂಟು. ಆ ಚಕ್ರದ ಅಚ್ಚನ್ನು ಹೊತ್ತಿರುವುದು ಎಂಜಿನ್ ಆಯಿಲಿನ ತೆಳುವಾದ ಪದರ. ಬಂದ ಕೂಡಲೇ ಎಂಜಿನ್ ನಿಲ್ಲಿಸಿದರೆ ಆಯಿಲಿನ ಹರಿವು ನಿಲ್ಲುತ್ತದೆ, ಕಾವು ಮಾತ್ರ ಉಳಿಯುತ್ತದೆ. ಒಳಗಿನ ಆಯಿಲ್ ಸೀದು ಕರಿಕಟ್ಟುತ್ತದೆ. ಇದನ್ನು ತಪ್ಪಿಸಲೆಂದು ಕೆಲವರು ಟರ್ಬೊ ಟೈಮರ್ ಹಾಕಿಸುತ್ತಾರೆ. ಕೀಲಿ ತೆಗೆದ ಮೇಲೂ ಗೊತ್ತುಪಡಿಸಿದಷ್ಟು ಹೊತ್ತು ಎಂಜಿನ್ನನ್ನು ಓಡಿಸಿ ತಾನೇ ನಿಲ್ಲಿಸುವ ಪುಟ್ಟ ಪೆಟ್ಟಿಗೆ ಇದು.

ಆಟೋಮ್ಯಾಟಿಕ್ ಕಾರಿಗೆ ಇದನ್ನು ಹಾಕಿಸಿದವರ ಸಾಮಾನ್ಯ ದೂರು ಒಂದೇ: ಕೀಲಿ ತೆಗೆದೊಡನೆ ಎಂಜಿನ್ ನಿಂತುಬಿಡುತ್ತದೆ. ಹಲವು ಬಾರಿ ಇದು ಟೈಮರಿನ ದೋಷವಲ್ಲ, ನಮ್ಮ ಅಭ್ಯಾಸದ ಫಲ. ಆಟೋಮ್ಯಾಟಿಕ್ ಕಾರು ಓಡಿಸುವವರು ಗೇರನ್ನು ‘ಪಿ’ಗೆ ತಂದು, ಕೈಬ್ರೇಕ್ ಎಳೆಯದೆ ಇಳಿಯುತ್ತಾರೆ. ಟೈಮರಿನ ಒಂದು ತಂತಿ ಕೈಬ್ರೇಕಿನ ಸ್ವಿಚ್ಚಿಗೆ ಸೇರಿರುತ್ತದೆ. ಬ್ರೇಕ್ ಬಿದ್ದಿಲ್ಲವೆಂದು ತಿಳಿದರೆ ಅದು ಎಂಜಿನ್ನನ್ನು ನಿಲ್ಲಿಸುತ್ತದೆ. ಆದುದರಿಂದ ಮೊದಲು ಕೈಬ್ರೇಕ್ ಎಳೆದು ನೋಡಬೇಕು.

ಆಗಲೂ ನಿಂತರೆ ಮಲ್ಟಿಮೀಟರಿನಿಂದ ಆ ತಂತಿಯನ್ನು ಪರೀಕ್ಷಿಸಬೇಕು. ಸಾಮಾನ್ಯವಾಗಿ ಬ್ರೇಕ್ ಎಳೆದಾಗ ಅದು ಅರ್ತ್‌ಗೆ ಕೂಡಬೇಕು, ಬಿಟ್ಟಾಗ ಬಿಡಬೇಕು. ಎಂಜಿನ್ ಕ್ಷಣಕಾಲ ಓಡಿ ನಿಂತರೆ, ಇಲ್ಲವೆ ಎಚ್ಚರಿಕೆಯ ದೀಪಗಳು ಹೊತ್ತಿದರೆ, ಇಗ್ನಿಷನ್ನಿನ ಎರಡನೆಯ ತಂತಿಗೆ ವಿದ್ಯುತ್ ಸಿಗುತ್ತಿದೆಯೇ ಎಂದು ನೋಡಬೇಕು. ಹಲವು ಕಾರುಗಳಲ್ಲಿ ಅಂಥ ತಂತಿಗಳು ಎರಡಿರುತ್ತವೆ. ತಂತಿ ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ಕೊನೆಯನ್ನು ಕಳಚಿರಬೇಕು. ಏರ್‌ಬ್ಯಾಗಿನ ಹಳದಿ ತಂತಿಗಳನ್ನು ಮುಟ್ಟಲೇಬಾರದು.

ಕೆಲವರು ಸುಲಭದ ದಾರಿ ಹಿಡಿದು ಕೈಬ್ರೇಕಿನ ತಂತಿಯನ್ನು ಶಾಶ್ವತವಾಗಿ ಅರ್ತ್‌ಗೆ ಕಟ್ಟಿಬಿಡುತ್ತಾರೆ. ದೂರು ತೀರುತ್ತದೆ, ಅಪಾಯ ಆರಂಭವಾಗುತ್ತದೆ. ಕೀಲಿ ತೆಗೆದ ಆಟೋಮ್ಯಾಟಿಕ್ ಕಾರಿನ ಗೇರು ‘ಪಿ’ಯಲ್ಲೇ ಬಿಗಿದಿರುವುದು ವಾಡಿಕೆ. ಆದರೆ ಟೈಮರ್ ಇಗ್ನಿಷನ್ನಿಗೆ ವಿದ್ಯುತ್ ಕೊಡುತ್ತಿರುವಾಗ, ಹಲವು ಕಾರುಗಳಲ್ಲಿ ಕಾಲುಬ್ರೇಕ್ ಒತ್ತಿದರೆ ಆ ಬಿಗಿತ ಸಡಿಲುತ್ತದೆ. ಒಳಗಿರುವ ಮಗು ಆಟವಾಡುತ್ತ ಬ್ರೇಕ್ ತುಳಿದು ಗೇರನ್ನು ‘ಡಿ’ಗೆ ಎಳೆದರೆ, ಕಾಲು ತೆಗೆದ ಕೂಡಲೇ ಕಾರು ಹೊರಟೇಬಿಡುತ್ತದೆ, ಕೀಲಿ ತಂದೆಯ ಜೇಬಿನಲ್ಲಿರುತ್ತದೆ. ತಂತಿ ಸರಿಯಾಗಿದ್ದಿದ್ದರೆ ಕೈಬ್ರೇಕ್ ಎಳೆಯದ ಕಾರಿನ ಎಂಜಿನ್ ಆಗಲೇ ನಿಂತಿರುತ್ತಿತ್ತು.

ಕಾನೂನೂ ಈ ವಿಷಯದಲ್ಲಿ ಮೌನವಾಗಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 126ನೆಯ ಕಲಮಿನ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ನಿಲ್ಲಿಸಿದ ವಾಹನದ ಚಾಲಕಪೀಠದಲ್ಲಿ ಪರವಾನಗಿಯುಳ್ಳವನು ಕುಳಿತಿರಬೇಕು. ಇಲ್ಲವಾದರೆ ಯಂತ್ರವನ್ನು ನಿಲ್ಲಿಸಿ, ಬ್ರೇಕ್ ಹಾಕಿ ಅಥವಾ ಬೇರೆ ಕ್ರಮ ಕೈಗೊಂಡು, ವಾಹನ ತಾನಾಗಿ ಚಲಿಸದಂತೆ ನೋಡಿಕೊಳ್ಳಬೇಕು. ಸಂತೆಬೀದಿಯಲ್ಲಿ ಎಂಜಿನ್ ಓಡುತ್ತಿರುವಾಗಲೇ ಕಾರನ್ನು ಬಿಟ್ಟುಹೋಗುವುದು ಈ ನಿಯಮಕ್ಕೆ ವಿರುದ್ಧ.

ಇಷ್ಟಕ್ಕೂ ಈ ಪೆಟ್ಟಿಗೆ ಎಲ್ಲರಿಗೂ ಬೇಕೇ? ಇಂದಿನ ಅನೇಕ ಕಾರುಗಳ ಟರ್ಬೊವನ್ನು ನೀರೂ ತಂಪಾಗಿಸುತ್ತದೆ. ಏರು ಹತ್ತಿ ಬಂದವರು ಕೊನೆಯ ಒಂದೆರಡು ಕಿಲೋಮೀಟರ್ ನಿಧಾನವಾಗಿ ಓಡಿಸಿ, ಮನೆಯ ಮುಂದೆ ಒಂದು ನಿಮಿಷ ಎಂಜಿನ್ ಓಡುತ್ತಿರುವಂತೆಯೇ ಪೀಠದಲ್ಲಿ ಕುಳಿತಿದ್ದರೆ ಸಾಮಾನ್ಯವಾಗಿ ಅಷ್ಟೇ ಸಾಕು. ಆಮೇಲೆ ಕೈಬ್ರೇಕ್ ಎಳೆದು, ಎಂಜಿನ್ ನಿಲ್ಲಿಸಿ, ಕೀಲಿಯೊಂದಿಗೆ ಮಕ್ಕಳನ್ನೂ ಇಳಿಸಿಕೊಂಡು ಮನೆ ಸೇರಬಹುದು.