ಗಂಜಿಯ ಜೊತೆ ಬೆಳೆದ ಹೊಟ್ಟೆ

ಸಾಕುನಾಯಿಗೆ ಅಂಗಡಿಯ ತಿಂಡಿ ಬೇಡ, ಮನೆಯಲ್ಲೇ ಮಾಡಿಕೊಡೋಣ ಎಂದು ಹೊರಟವರು ಮೊದಲು ಹುಡುಕುವುದು ಓವನ್ನನ್ನು. ಗೋಧಿ ಹಿಟ್ಟು, ಓಟ್ಸ್, ಪೀನಟ್ ಬಟರ್, ಒಂದಿಷ್ಟು ಜೇನು, ಮೂಳೆಯ ಆಕಾರದ ಅಚ್ಚು: ಪಾಕವಿಧಾನ ಎಲ್ಲಿಂದ ಬಂತೆಂಬುದು ಸಾಮಾನಿನ ಪಟ್ಟಿ ಓದಿದರೇ ಗೊತ್ತಾಗುತ್ತದೆ. ಉಡುಪಿ ಕಡೆಯ ಅಂಬಲಪಾಡಿಯಲ್ಲೋ ಕಾಪುವಿನಲ್ಲೋ ಇರುವ ನಾಯಿಗೆ ಇದಕ್ಕಿಂತ ಒಳ್ಳೆಯ ತಿಂಡಿ ಆ ಮನೆಯ ಗಂಜಿ ಪಾತ್ರೆಯಿಂದಲೇ ಬರುತ್ತದೆ ಎಂಬುದು ನನ್ನ ವಾದ. ಊರಿನ ಅಭಿಮಾನಕ್ಕೆ ಹೇಳುವ ಮಾತಲ್ಲ ಇದು. ನಾಯಿಯ ಮೇದೋಜೀರಕ ಗ್ರಂಥಿಯೂ ಮೂಗೂ ಬೇರೆ ಬೇರೆ ಕಾರಣಕ್ಕೆ ಅದೇ ಪಾತ್ರೆಯತ್ತ ಬೊಟ್ಟು ಮಾಡುತ್ತವೆ. ಅದೇ ಒಲೆಯ ಮೇಲಿನ ಸಾರಿನ ಪಾತ್ರೆಯನ್ನೂ ಕಪಾಟಿನ ಸಿಹಿತಿಂಡಿ ಡಬ್ಬಿಯನ್ನೂ ನಾಯಿಯಿಂದ ದೂರ ಇಡಬೇಕು ಎಂಬುದು ವಾದದ ಉಳಿದರ್ಧ.

ನಾಯಿ ತೋಳದ ಕುಲ, ಅದಕ್ಕೆ ಅಕ್ಕಿ ರಾಗಿ ಯಾಕೆ, ಮಾಂಸವೇ ಸಾಕು ಎನ್ನುವವರಿದ್ದಾರೆ. ಕುಲದ ಮಾತು ನಿಜ, ತೀರ್ಮಾನ ತಪ್ಪು. ಸ್ವೀಡನ್ನಿನ ಉಪ್ಸಾಲ ವಿಶ್ವವಿದ್ಯಾಲಯದ ಎರಿಕ್ ಆಕ್ಸೆಲ್ಸನ್ ಮತ್ತು ಸಂಗಡಿಗರು 12 ತೋಳಗಳ ಹಾಗೂ 14 ತಳಿಗಳಿಗೆ ಸೇರಿದ 60 ನಾಯಿಗಳ ಜೀನುಗಳನ್ನು ಹೋಲಿಸಿ, 2013ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಪಿಷ್ಟವನ್ನು ಒಡೆಯುವ ಅಮೈಲೇಸ್ ಕಿಣ್ವವನ್ನು ಮೇದೋಜೀರಕ ಗ್ರಂಥಿಯಲ್ಲಿ ತಯಾರಿಸುವ ಜೀನಿಗೆ ಎಎಂವೈ2ಬಿ ಎಂದು ಹೆಸರು. ತೋಳದಲ್ಲಿ ಅದರ ಪ್ರತಿಗಳು ಎರಡೇ. ನಾಯಿಗಳಲ್ಲಿ 4ರಿಂದ 30ರವರೆಗೆ ಸಿಕ್ಕವು. ಗ್ರಂಥಿಯಲ್ಲಿ ಈ ಜೀನಿನ ಕೆಲಸ ತೋಳದಲ್ಲಿರುವುದಕ್ಕಿಂತ 28 ಪಟ್ಟು ಜೋರಾಗಿತ್ತು. ಆಮೇಲಿನ ಅಧ್ಯಯನಗಳು ಇದಕ್ಕೆ ಚರಿತ್ರೆಯನ್ನೂ ಜೋಡಿಸಿದವು. ಬೇಸಾಯ ಬೇರೂರಿದ ಸೀಮೆಗಳ ನಾಯಿಗಳಲ್ಲಿ ಪ್ರತಿಗಳು ಹೆಚ್ಚು. ಹಿಮಪ್ರದೇಶದ ಹಸ್ಕಿಯಲ್ಲಿ ಕಡಿಮೆ. ಉಳುಮೆ ಕಾಣದ ಆಸ್ಟ್ರೇಲಿಯಾದ ಡಿಂಗೊದಲ್ಲಿ ತೋಳದಂತೆ ಎರಡೇ. ಯುರೋಪಿನಲ್ಲಿ ಸಿಕ್ಕ ಸುಮಾರು 7000 ವರ್ಷ ಹಳೆಯ ನಾಯಿ ಎಲುಬಿನಲ್ಲೇ ಈ ಏರಿಕೆ ಶುರುವಾಗಿತ್ತು. ಅಂದರೆ ಮನುಷ್ಯ ಧಾನ್ಯ ಬೇಯಿಸತೊಡಗಿದ ಮೇಲೆ, ಆ ಪಾತ್ರೆಯ ತಳ ನೆಕ್ಕಿ ಜೀರ್ಣಿಸಿಕೊಳ್ಳಬಲ್ಲ ನಾಯಿಯ ಸಂತತಿ ಹೆಚ್ಚು ಉಳಿಯಿತು. ನಮ್ಮ ನಾಯಿ ನಮ್ಮ ಗದ್ದೆಗಳಷ್ಟೇ ಬೇಸಾಯದ ಫಲ.

ಆದರೆ ಇಲ್ಲೊಂದು ಷರತ್ತಿದೆ. ನಾಯಿ ಜೀರ್ಣಿಸಿಕೊಳ್ಳುವುದು ಬೆಂದ ಪಿಷ್ಟವನ್ನು. ಮನುಷ್ಯರ ಜೊಲ್ಲಿನಲ್ಲೇ ಅಮೈಲೇಸ್ ಇದೆ, ಅನ್ನ ಅಗಿಯುವಾಗಲೇ ಕೆಲಸ ಶುರು. ನಾಯಿಯ ಜೊಲ್ಲಿನಲ್ಲಿ ಅದು ಹೆಚ್ಚುಕಡಿಮೆ ಇಲ್ಲವೆನ್ನುವಷ್ಟು ಅತ್ಯಲ್ಪ. ಎಲ್ಲವೂ ಸಣ್ಣ ಕರುಳಿನಲ್ಲೇ ಮುಗಿಯಬೇಕು. ಹಸಿ ಪಿಷ್ಟದ ಕಣಗಳು ಬಿಗಿಯಾಗಿ ಹೆಣೆದುಕೊಂಡಿರುತ್ತವೆ. ಸಾಕಷ್ಟು ನೀರಿನ ಜೊತೆ 60ರಿಂದ 80 ಡಿಗ್ರಿ ಸೆಲ್ಸಿಯಸ್ ತಾಗಿದಾಗ ಅವು ನೀರು ಹೀರಿ ಉಬ್ಬುತ್ತವೆ, ಹೆಣಿಗೆ ಬಿಚ್ಚಿಕೊಳ್ಳುತ್ತದೆ, ಕಿಣ್ವ ಒಳಗೆ ನುಗ್ಗುತ್ತದೆ. ಈ ವಾಕ್ಯದಲ್ಲಿ ಮುಖ್ಯವಾದ ಪದ ನೀರು. ಓವನ್ನಿನ ಮುಳ್ಳು 180 ಡಿಗ್ರಿಯಲ್ಲಿದ್ದರೂ ಬಿಸ್ಕತ್ತಿನ ಕಣಕದಲ್ಲಿ ನೀರು ಕಡಿಮೆ. ಬೆಣ್ಣೆಯೋ ಸಕ್ಕರೆಯೋ ಇದ್ದರೆ ಪಿಷ್ಟಕ್ಕೆ ಸಿಗುವ ನೀರು ಇನ್ನೂ ಕಡಿಮೆ. ಹಾಗಾಗಿ ಹೊರಗೆ ಹೊಂಬಣ್ಣಕ್ಕೆ ತಿರುಗಿದ ಬಿಸ್ಕತ್ತಿನೊಳಗೆ ಪಿಷ್ಟದ ದೊಡ್ಡ ಪಾಲು ಹಸಿಯಾಗಿಯೇ ಉಳಿದಿರುತ್ತದೆ. ಗಂಜಿಯಲ್ಲಿ, ಕಡುಬಿನಲ್ಲಿ, ಹಬೆಯಲ್ಲಿ ಬೆಂದ ಇಡ್ಲಿಯಲ್ಲಿ ಹಾಗಾಗುವುದಿಲ್ಲ. ಕರಾವಳಿಯ ಕುಚ್ಚಲಕ್ಕಿಯಂತೂ ಭತ್ತದ ಸಿಪ್ಪೆಯೊಳಗಿದ್ದಾಗಲೇ ಒಮ್ಮೆ ಬೆಂದು ಬಂದದ್ದು. ಒಂದೆರಡು ಬಿಸ್ಕತ್ತಿನಿಂದ ನಾಯಿಗೆ ಏನೂ ಆಗದು ಎಂಬುದನ್ನು ಒಪ್ಪುತ್ತೇನೆ. ಪ್ರೀತಿ ಜಾಸ್ತಿಯಾಗಿ ದಿನಕ್ಕೆ ಏಳೆಂಟು ಕೊಟ್ಟರೆ ಜೀರ್ಣವಾಗದ ಪಿಷ್ಟ ದೊಡ್ಡ ಕರುಳಿಗೆ ಜಾರಿ ಹುದುಗುತ್ತದೆ. ಮರುದಿನ ಅಂಗಳದಲ್ಲಿ ಅದರ ವರದಿ ಸಿಗುತ್ತದೆ.

ಅಷ್ಟಕ್ಕೂ ನಾಯಿ ಬಿಸ್ಕತ್ತೆಂಬುದು ನಾಯಿಯ ಹೊಟ್ಟೆ ನೋಡಿ ಹುಟ್ಟಿದ್ದಲ್ಲ. 1860ರ ದಶಕದಲ್ಲಿ ಲಂಡನ್ನಿನಲ್ಲಿ ಜೇಮ್ಸ್ ಸ್ಪ್ರಾಟ್ ಎಂಬ ಅಮೆರಿಕನ್ ವ್ಯಾಪಾರಿ ಗೋಧಿ, ತರಕಾರಿ, ಬೀಟ್‌ರೂಟು, ಒಣಮಾಂಸ ಕಲಸಿ ಮಾಡಿದ ಬಿಲ್ಲೆಗಳನ್ನು ಮಾರಾಟಕ್ಕೆ ತಂದ. ಬಂದರಿನಲ್ಲಿ ನಾವಿಕರು ಎಸೆದ ಹಡಗಿನ ಗಟ್ಟಿ ಬಿಸ್ಕತ್ತನ್ನು ನಾಯಿಗಳು ತಿನ್ನುವುದು ನೋಡಿ ಅವನಿಗೆ ಇದು ಹೊಳೆಯಿತಂತೆ. ಹಡಗಿನ ಬಿಸ್ಕತ್ತು ತಿಂಗಳುಗಟ್ಟಲೆ ಕೆಡಬಾರದೆಂದು ಮಾಡಿದ ವಸ್ತು. ಅದರ ಗುಣವೆಲ್ಲ ಸಾಗಾಟಕ್ಕೂ ದಾಸ್ತಾನಿಗೂ ಹೊಂದುವಂಥದು. ಮಲ್ಪೆಯ ಮೀನು ಮಧ್ಯಾಹ್ನದೊಳಗೆ ಬಾಗಿಲಿಗೆ ಬರುವ ಮನೆಯಲ್ಲಿ ಅದನ್ನು ಅನುಕರಿಸುವ ತುರ್ತು ಏನೆಂದು ನನಗಂತೂ ಅರ್ಥವಾಗಿಲ್ಲ.

ಮೀನಿನ ಮಾತು ಬಂದದ್ದು ಸುಮ್ಮನೆ ಅಲ್ಲ. ನಾಯಿಯ ನಾಲಿಗೆಯ ಮೇಲೆ ಸುಮಾರು 1700 ರುಚಿಮೊಗ್ಗುಗಳಿವೆ. ನಮ್ಮಲ್ಲಿ ಸುಮಾರು 9000. ಬೆಕ್ಕಿಗೆ ಸಿಹಿ ಗೊತ್ತಾಗುವುದಿಲ್ಲ, ಅದರ ಸಿಹಿ ಗ್ರಾಹಕದ ಜೀನೇ ಕೆಟ್ಟುಹೋಗಿದೆ. ನಾಯಿಗೆ ಸಿಹಿ ತಿಳಿಯುತ್ತದೆ, ಇಷ್ಟವೂ ಹೌದು. ಬೆಲ್ಲ ಹಾಕಿದರೆ ಖುಷಿಯಿಂದ ತಿನ್ನುತ್ತದೆ ಎಂಬ ವಾದ ಹುಟ್ಟುವುದು ಇಲ್ಲಿಂದ. ಆದರೆ ನಾಯಿ ತಿಂಡಿಯನ್ನು ಒಪ್ಪುವುದೋ ಬಿಡುವುದೋ ಎಂಬುದರ ಬಹುಪಾಲು ಮೂಗಿನಲ್ಲೇ ತೀರ್ಮಾನವಾಗಿರುತ್ತದೆ. ವಾಸನೆಯ ಗ್ರಾಹಕಗಳ ಜೀನುಗಳು ನಮ್ಮಲ್ಲಿ ಸುಮಾರು 400 ಇದ್ದರೆ ನಾಯಿಯಲ್ಲಿ ಅದರ ಇಮ್ಮಡಿ. ಬೆಲ್ಲಕ್ಕೆ ಅದರ ಮೂಗಿನ ಮುಂದೆ ಹೇಳಿಕೊಳ್ಳುವಂಥ ವಾಸನೆಯಿಲ್ಲ. ಬೆಂದ ಬಂಗುಡೆಗೋ ಬೂತಾಯಿಗೋ ಇದೆ. ಬೆಲ್ಲ ಕೊಡುವ ಕೆಲಸವನ್ನು ಮೀನು ಬರಿಯ ವಾಸನೆಯಿಂದ ಮಾಡುತ್ತದೆ, ಮೇಲೆ ಪ್ರೋಟೀನು ಮತ್ತು ಒಮೆಗಾ-3 ಕೊಬ್ಬು ಬೇರೆ. ಒಣಮೀನಿಗೆ ವಾಸನೆ ಇನ್ನೂ ಹೆಚ್ಚಲ್ಲವೇ ಎಂದರೆ, ಹೌದು, ಉಪ್ಪೂ ಅಷ್ಟೇ ಹೆಚ್ಚು. ಹಸಿ ಮೀನೇ ಕೊಟ್ಟರೇನು ಎಂದರೆ, ಕೆಲವು ಜಾತಿಯ ಹಸಿ ಮೀನಿನಲ್ಲಿ ಥಯಾಮಿನ್ ಎಂಬ ಬಿ1 ಜೀವಸತ್ವವನ್ನು ನಾಶಮಾಡುವ ಕಿಣ್ವವಿದೆ. ಬೇಯಿಸಿದರೆ ಅದು ಸಾಯುತ್ತದೆ.

ಇವನ್ನೆಲ್ಲ ಸೇರಿಸಿದರೆ ತಿಂಡಿಯ ರೂಪ ತಾನಾಗಿ ತಯಾರಾಗುತ್ತದೆ. ಕುಚ್ಚಲಕ್ಕಿಯನ್ನು ಹಿಸುಕಿದರೆ ಮುದ್ದೆಯಾಗುವಷ್ಟು ಮೆತ್ತಗೆ ಬೇಯಿಸಬೇಕು, ಉಪ್ಪಿಲ್ಲದೆ. ಬಂಗುಡೆಯನ್ನು ಬರಿಯ ನೀರಿನಲ್ಲಿ ಬೇಯಿಸಿ ನಡುಮುಳ್ಳನ್ನೂ ಪಕ್ಕದ ಮುಳ್ಳುಗಳನ್ನೂ ಬೆರಳಲ್ಲಿ ತಡಕಿ ತಡಕಿ ತೆಗೆಯಬೇಕು. ಜೊತೆಗೆ ಬೇಯಿಸಿದ ಒಂದು ಹೋಳು ಚೀನಿಕಾಯಿ. ಮೂರನ್ನೂ ನುರಿದು, ತಟ್ಟೆಯಲ್ಲಿ ತೆಳ್ಳಗೆ ತಟ್ಟಿ, ಹೆಬ್ಬೆರಳ ಉಗುರಿನಷ್ಟು ಚೌಕಗಳಾಗಿ ಗೀರಿ, ಆಮೇಲೆ ಬೇಕಾದರೆ ಓವನ್ನಿಗೆ ಇಡಬಹುದು, 100 ಡಿಗ್ರಿ ಆಸುಪಾಸಿನಲ್ಲಿ. ಆಗ ಓವನ್ನಿನ ಕೆಲಸ ಬೇಯಿಸುವುದಲ್ಲ, ಒಣಗಿಸುವುದು. ಮುರಿದಾಗ ಬಗ್ಗದೆ ಟಕ್ಕೆನ್ನಬೇಕು; ನಡುವೆ ಬಣ್ಣ ಗಾಢವಾಗಿ ಕಂಡರೆ ತೇವ ಉಳಿದಿದೆ. ಮೀನು ತಾರದ ಮನೆಯವರು ಮೊಟ್ಟೆ ಹಾಕಬಹುದು. ಅದೂ ಬೇಡವಾದರೆ ಉಪ್ಪಿಲ್ಲದ ಪನೀರು.

ಈಗ ವಾದದ ಇನ್ನೊಂದು ಮುಖ. ಪಿಷ್ಟದ ವಿಷಯದಲ್ಲಿ ನಾಯಿಯ ದೇಹ ನಮ್ಮ ಹತ್ತಿರಕ್ಕೆ ಬಂದಿದೆ ನಿಜ. ಹಾಗೆಂದು ನಮ್ಮ ಎಲ್ಲ ರುಚಿಗಳಿಗೂ ಅದು ಒಗ್ಗಿಲ್ಲ. ಕೊಕ್ಕೋ ಇದಕ್ಕೆ ಒಳ್ಳೆಯ ಉದಾಹರಣೆ, ಏಕೆಂದರೆ ಅದು ನಮ್ಮ ಅಡಿಕೆ ತೋಟದ ನೆರಳಲ್ಲೇ ಬೆಳೆಯುತ್ತದೆ. 1986ರಿಂದ ಪುತ್ತೂರಿನಲ್ಲಿ ಕ್ಯಾಂಪ್ಕೋ ಚಾಕೊಲೇಟ್ ಕಾರ್ಖಾನೆಯೂ ಇದೆ. ಕೊಕ್ಕೋದಲ್ಲಿರುವ ಥಿಯೋಬ್ರೊಮಿನ್ ನಾಯಿಯ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು ಹದಿನೇಳೂವರೆ ಗಂಟೆ ಬೇಕು. ಮನುಷ್ಯರಲ್ಲಿ ಅದರ ಅರ್ಧದಷ್ಟು ಸಾಕು. ದೇಹತೂಕದ ಕಿಲೋಗೆ 20 ಮಿಲಿಗ್ರಾಂ ಆದಾಗ ವಾಂತಿ, ಚಡಪಡಿಕೆ. 40 ದಾಟಿದರೆ ಹೃದಯದ ಬಡಿತ ತಪ್ಪುತ್ತದೆ. 60ಕ್ಕೆ ಸೆಳವು ಬರಬಹುದು. ಕೊಕ್ಕೋ ಪುಡಿಯ ಒಂದು ಗ್ರಾಮಿನಲ್ಲಿ ಸುಮಾರು 20 ಮಿಲಿಗ್ರಾಂ ಥಿಯೋಬ್ರೊಮಿನ್ ಇದ್ದರೆ, 10 ಕಿಲೋ ತೂಗುವ ನಾಯಿಗೆ 10 ಗ್ರಾಂ ಪುಡಿ, ಅಂದರೆ ಎರಡು ದೊಡ್ಡ ಚಮಚ, ತೊಂದರೆಯ ಹೊಸ್ತಿಲು. ಕೇಕಿನ ಪಾಕವಿಧಾನವನ್ನೇ ತುಸು ತಿದ್ದಿ ನಾಯಿಗೆ ಮಾಡುವವರು ಎಡವುವುದು ಇಲ್ಲಿ. ‘ಶುಗರ್ ಫ್ರೀ’ ಎಂದು ಬರೆದ ಕೆಲವು ತಿನಿಸು ಮತ್ತು ಪೀನಟ್ ಬಟರಿನಲ್ಲಿರುವ ಜೈಲಿಟಾಲ್ ಇನ್ನೂ ಕೆಟ್ಟದ್ದು. ನಮ್ಮ ಮೇದೋಜೀರಕ ಅದನ್ನು ಗಮನಿಸುವುದೇ ಇಲ್ಲ. ನಾಯಿಯದು ಅದನ್ನು ಸಕ್ಕರೆಯೆಂದೇ ನಂಬಿ ಇನ್ಸುಲಿನ್ ಸುರಿಸುತ್ತದೆ, ರಕ್ತದ ಸಕ್ಕರೆ ಒಂದು ಗಂಟೆಯೊಳಗೆ ಕುಸಿಯಬಹುದು. ಕಿಲೋಗೆ 0.1 ಗ್ರಾಂ ಸಾಕು.

ದ್ರಾಕ್ಷಿ ಮತ್ತು ಒಣದ್ರಾಕ್ಷಿ ತಿಂದ ನಾಯಿಗಳ ಮೂತ್ರಪಿಂಡ ಯಾಕೆ ಕೆಡುತ್ತದೆ ಎಂಬುದು ಬಹುಕಾಲ ಒಗಟಾಗಿತ್ತು. 2021ರಲ್ಲಿ ಅಮೆರಿಕದ ಪಶುವೈದ್ಯ ವಿಷತಜ್ಞರು ಟಾರ್ಟಾರಿಕ್ ಆಮ್ಲದತ್ತ ಬೆರಳು ತೋರಿಸಿದರು. ಆ ಆಮ್ಲದ ಲವಣ ಬೆರೆತ ಆಟದ ಹಿಟ್ಟು ತಿಂದ ನಾಯಿಗಳಲ್ಲೂ ಇದೇ ಲಕ್ಷಣ ಕಂಡದ್ದು ಸುಳಿವಾಯಿತು. ಆಮೇಲಿನ ವರದಿಯಲ್ಲಿ ಹುಣಸೆಹಣ್ಣು ತಿಂದ ನಾಯಿಗಳೂ ಸೇರಿದವು. ನಾವು ಕಿವಿಗೊಡಬೇಕಾದ ಜಾಗ ಇದು. ಹುಣಸೆ ತಿರುಳಿನ ನೂರು ಪಾಲಿನಲ್ಲಿ ಎಂಟರಿಂದ ಹದಿನೆಂಟು ಪಾಲು ಟಾರ್ಟಾರಿಕ್ ಆಮ್ಲ. ಉಡುಪಿಯ ಮಠದ ಅಡುಗೆಗೆ ಈರುಳ್ಳಿ ಬೆಳ್ಳುಳ್ಳಿ ಸೋಕುವುದಿಲ್ಲ, ಆ ಮಟ್ಟಿಗೆ ಅದು ನಾಯಿಸ್ನೇಹಿ ಎಂದು ತಮಾಷೆಗೆ ಹೇಳಬಹುದು. ಆದರೆ ಸಾರಿಗೂ ಹುಳಿಗೂ ಹುಣಸೆ ಇದ್ದೇ ಇದೆ. ಈರುಳ್ಳಿಯ ಕಥೆ ಬೇರೆ: ಅದರ ಗಂಧಕದ ಸಂಯುಕ್ತಗಳು ನಾಯಿಯ ಕೆಂಪು ರಕ್ತಕಣಗಳ ಹಿಮೋಗ್ಲೋಬಿನ್ನನ್ನು ಕೆಡಿಸಿ ಕಣಗಳನ್ನೇ ಒಡೆಯುತ್ತವೆ. ಬೇಯಿಸಿದರೂ ಆ ಗುಣ ಹೋಗುವುದಿಲ್ಲ.

ಇದಕ್ಕೆ ಬರುವ ಆಕ್ಷೇಪ ಗಟ್ಟಿಯಾದದ್ದು. ತಲೆಮಾರುಗಳಿಂದ ನಮ್ಮ ನಾಯಿಗಳು ಸಾರನ್ನ, ಮೀನು ಸಾರಿನ ಉಳಿಕೆ ತಿಂದೇ ಬದುಕಿವೆಯಲ್ಲ? ಬದುಕಿವೆ, ಅದಕ್ಕೆ ಕಾರಣ ಪ್ರಮಾಣ. ಈರುಳ್ಳಿಯಿಂದ ರಕ್ತದಲ್ಲಿ ಎದ್ದುಕಾಣುವ ಹಾನಿಗೆ ಕಿಲೋ ತೂಕಕ್ಕೆ 15ರಿಂದ 30 ಗ್ರಾಂ ಬೇಕು. ಹತ್ತು ಕಿಲೋ ನಾಯಿ ಎರಡು ಈರುಳ್ಳಿಯನ್ನಾದರೂ ನುಂಗಬೇಕು. ತಟ್ಟೆಯ ಅಂಚಿನಲ್ಲಿ ಉಳಿದ ಸಾರಿನಲ್ಲಿ ಅಷ್ಟು ಎಲ್ಲಿಂದ? ಆದ್ದರಿಂದ ಒಂದು ತುತ್ತು ಸಾರನ್ನ ತಿಂದಿತೆಂದು ಕಂಗಾಲಾಗಬೇಕಿಲ್ಲ. ಆದರೆ ತಿಂಡಿ ಮಾಡುವುದೆಂದರೆ ಒಣಗಿಸುವುದು, ಒಣಗಿಸುವುದೆಂದರೆ ನೀರು ಮಾತ್ರ ಹೋಗಿ ಉಳಿದದ್ದೆಲ್ಲ ದಟ್ಟವಾಗುವುದು. ನಿನ್ನೆಯ ಮೀನು ಗಸಿಯನ್ನೇ ಹಿಟ್ಟಿಗೆ ಕಲಸಿ ಬೇಕ್ ಮಾಡಿದರೆ ಅದರ ಉಪ್ಪು, ಹುಣಸೆ, ಈರುಳ್ಳಿ ಅಷ್ಟೂ ಅರ್ಧ ಗಾತ್ರದೊಳಗೆ ಕೂತಿರುತ್ತವೆ. ಮೇಲಾಗಿ, ಮೂತ್ರಪಿಂಡ ಸೋತು ಹಿತ್ತಿಲಲ್ಲಿ ಸತ್ತ ಹಿಂದಿನ ಕಾಲದ ನಾಯಿಗೆ ‘ವಯಸ್ಸಾಗಿತ್ತು’ ಎಂಬುದೇ ರೋಗನಿದಾನವಾಗಿತ್ತು. ಬದುಕಿದ ನಾಯಿಗಳ ನೆನಪಷ್ಟನ್ನೇ ಸಾಕ್ಷಿ ಕರೆದರೆ ತೀರ್ಪು ಒಂದೇ ಕಡೆ ವಾಲುತ್ತದೆ.

ಎಷ್ಟು ಕೊಡಬೇಕೆಂಬುದು ಲೆಕ್ಕದ ಮಾತು, ಬೇಗ ಮುಗಿಸಬಹುದು. ಹತ್ತು ಕಿಲೋ ತೂಗುವ, ಸಂತಾನಹರಣ ಚಿಕಿತ್ಸೆಯಾದ ವಯಸ್ಕ ನಾಯಿಗೆ ದಿನಕ್ಕೆ ಸುಮಾರು 630 ಕಿಲೋಕ್ಯಾಲೊರಿ ಸಾಕು. ತಿಂಡಿಯ ಪಾಲು ಅದರ ಹತ್ತನೇ ಒಂದನ್ನು ಮೀರಬಾರದೆಂಬುದು ಪಶು ಪೋಷಣತಜ್ಞರ ರೂಢಿಯ ಮಿತಿ, ಅಂದರೆ 63. ಬೆಲ್ಲ, ತೆಂಗಿನೆಣ್ಣೆ ಹಾಕಿದ ಹದಿನೈದು ಗ್ರಾಮಿನ ಒಂದೇ ಬಿಸ್ಕತ್ತಿಗೆ ಆ ಪಾಲು ಮುಗಿಯಿತು. ಉಗುರಿನಷ್ಟಗಲದ, ಎರಡು ಗ್ರಾಮಿನ ಒಣ ಚೌಕವಾದರೆ ಎಂಟು ಸಲ ಕರೆದು ಕೊಡಬಹುದು. ನಾಯಿ ಎಣಿಸುವುದು ಕರೆದ ಸಲಗಳನ್ನು, ತೂಕವನ್ನಲ್ಲ.

ಕಾರ್ಖಾನೆಯ ತಿಂಡಿ ಪ್ರಯೋಗಾಲಯದಲ್ಲಿ ಪರೀಕ್ಷೆಯಾಗಿ ಬರುತ್ತದೆ, ಮನೆಯದಕ್ಕೆ ಆ ಖಾತರಿ ಎಲ್ಲಿ ಎಂಬುದು ಕೊನೆಯ ಆಕ್ಷೇಪ. ಪೂರ್ತಿ ಊಟದ ವಿಷಯದಲ್ಲಿ ಈ ಮಾತನ್ನು ತಳ್ಳಿಹಾಕುವಂತಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯವರು 2013ರಲ್ಲಿ ಮನೆಯಲ್ಲಿ ಮಾಡುವ ನಾಯಿ ಊಟದ 200 ಪಾಕವಿಧಾನಗಳನ್ನು ಪರೀಕ್ಷಿಸಿದಾಗ ನೂರಕ್ಕೆ 95ರಲ್ಲಿ ಒಂದಲ್ಲ ಒಂದು ಪೋಷಕಾಂಶ ಕೊರೆಯಾಗಿತ್ತು. ಬರಿಯ ಗಂಜಿ-ಮೀನಿನಲ್ಲಿ ಬೆಳೆಯುವ ಮರಿಗೆ ಸುಣ್ಣದಂಶ ಸಾಲದು. ತಿಂಡಿ ಹತ್ತನೇ ಒಂದರೊಳಗಿದ್ದಾಗ ಈ ಸಮತೋಲನದ ಹೊಣೆ ಅದರ ಮೇಲಿಲ್ಲ. ಅದರ ಮೇಲಿರುವ ಹೊಣೆ ಬೂಸ್ಟಿನದು, ಮತ್ತು ಇಲ್ಲಿ ಕಾರ್ಖಾನೆಯೂ ಮನೆಯೂ ಒಂದೇ ದೋಣಿಯಲ್ಲಿವೆ. 2005ರ ಕೊನೆಯಲ್ಲಿ ಅಮೆರಿಕದಲ್ಲಿ ಕಾರ್ಖಾನೆಯ ನಾಯಿ ಆಹಾರದಲ್ಲಿದ್ದ ಬೂಸ್ಟಿನ ವಿಷ, ಅಫ್ಲಟಾಕ್ಸಿನ್, ನೂರಕ್ಕೂ ಹೆಚ್ಚು ನಾಯಿಗಳನ್ನು ಕೊಂದಿತು. ಅದಕ್ಕೂ ಮೊದಲು, 1974ರಲ್ಲಿ, ಗುಜರಾತ್ ಮತ್ತು ರಾಜಸ್ಥಾನದ ಹಳ್ಳಿಗಳಲ್ಲಿ ಮಳೆಗೆ ನೆನೆದು ಬೂಸ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಕಾಮಾಲೆಯಿಂದ ಸತ್ತಾಗ, ಅದೇ ರೊಟ್ಟಿ ಹಂಚಿಕೊಂಡ ನಾಯಿಗಳೂ ಸತ್ತಿದ್ದವು. ಶೇಂಗಾ, ಮೆಕ್ಕೆಜೋಳ, ಕೊಬ್ಬರಿ ಈ ಬೂಸ್ಟಿಗೆ ಪ್ರಿಯ. ಓವನ್ನಿನ ಬಿಸಿಗೆ ವಿಷ ಪೂರ್ತಿ ಅಳಿಯುವುದಿಲ್ಲ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಉಡುಪಿಯಲ್ಲಿ, ಆಟಿ ತಿಂಗಳಲ್ಲಿ ಗರಿಗರಿಯಾದ ಹಪ್ಪಳವೇ ಸಂಜೆಯೊಳಗೆ ಮೆತ್ತಗಾಗುವಾಗ, ನಾಯಿಯ ತಿಂಡಿಯನ್ನು ಡಬ್ಬಿಯಲ್ಲಿ ತಿಂಗಳಿಡುವ ಆಸೆ ಬಿಡಬೇಕು. ಒಣಗಿದ ಚೌಕಗಳನ್ನು ಫ್ರೀಜರಿನಲ್ಲಿಟ್ಟು ಎರಡು ದಿನಕ್ಕೆ ಬೇಕಾದಷ್ಟನ್ನೇ ಹೊರಗೆ ತೆಗೆದರೆ ಸಾಕು. ಬೂಸ್ಟು ಕಂಡ ಡಬ್ಬಿಯಲ್ಲಿ ಚೆನ್ನಾಗಿ ಕಾಣುವ ತುಂಡುಗಳನ್ನು ಆರಿಸುತ್ತ ಕೂರಬಾರದು. ಡಬ್ಬಿಯಷ್ಟನ್ನೂ ಸುರಿದು, ಬಿಸಿನೀರಿನಲ್ಲಿ ತೊಳೆದು, ಮುಂದಿನ ಬಿಸಿಲು ಕಂಡ ದಿನ ಹೊಸದಾಗಿ ಅಕ್ಕಿ ಇಡಬೇಕು.