ಗೋಡೆಯ ಮೇಲೆ ಹೆಸರಿರುವವರು, ಇಲ್ಲದವರು

ವಿದ್ಯಾಭ್ಯಾಸಕ್ಕಾಗಿಯೋ ಉದ್ಯೋಗಕ್ಕಾಗಿಯೋ ಯುರೋಪಿನಲ್ಲಿ ನೆಲೆಸಿರುವ ನಮ್ಮವರು ವಾರಾಂತ್ಯದಲ್ಲಿ ಎರಡು ದಿನ ಬಿಡುವು ದೊರೆತೊಡನೆ ನೆರೆಯ ದೇಶವೊಂದನ್ನು ನೋಡಿಬರುವುದು ಈಗ ಸಾಮಾನ್ಯ ಸಂಗತಿಯಾಗಿದೆ. ಬೆಲ್ಜಿಯಂನಂತಹ ಪುಟ್ಟ ದೇಶದಲ್ಲಿದ್ದವರಿಗಂತೂ ಇದು ಬಹಳ ಸುಲಭ. ಶನಿವಾರ ಬೆಳಿಗ್ಗೆ ರೈಲು ಹತ್ತಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಪ್ಯಾರಿಸ್, ಆಮ್‌ಸ್ಟರ್‌ಡಾಂ ಇಲ್ಲವೇ ಕೊಲೋನ್ ತಲುಪಬಹುದು. ಐಫೆಲ್ ಗೋಪುರದ ಮುಂದೆ ನಿಂತು ತೆಗೆಸಿಕೊಂಡ ಭಾವಚಿತ್ರ ಊರಿಗೆ ಬರುತ್ತದೆ, ಮನೆಯವರು ಸಂತೋಷಪಡುತ್ತಾರೆ. ಇದರಲ್ಲಿ ಆಕ್ಷೇಪಿಸುವಂತಹದೇನೂ ಇಲ್ಲ. ಆದರೆ ಅದೇ ಎರಡು ದಿನಗಳಲ್ಲಿ ನೋಡಬಹುದಾದ, ನಮ್ಮ ಪ್ರವಾಸಿಗರು ಬಹುಮಟ್ಟಿಗೆ ನೋಡದೆ ಬಿಡುವ ಸ್ಥಳವೊಂದು ಫ್ರಾನ್ಸಿನ ಉತ್ತರ ಗಡಿಯ ಸಮೀಪದಲ್ಲಿದೆ. ಅದರ ಹೆಸರು ನವ್ ಶಾಪೆಲ್. ಹೊಸ ಪ್ರಾರ್ಥನಾಲಯ ಎಂದು ಅದರ ಅರ್ಥ. ಲೂವೇನ್ ವಿಶ್ವವಿದ್ಯಾನಿಲಯದಲ್ಲಿ ತತ್ತ್ವಶಾಸ್ತ್ರದ ವಿದ್ಯಾರ್ಥಿಯಾಗಿದ್ದಾಗ, 2001ರ ನವೆಂಬರ್ 10 ಮತ್ತು 11ರಂದು, ಇಬ್ಬರು ಸ್ನೇಹಿತರೊಡನೆ ನಾನು ಅಲ್ಲಿಗೆ ಹೋಗಿಬಂದೆ.

ಸ್ನೇಹಿತರಲ್ಲಿ ಒಬ್ಬರು ಫ್ಲಾಂಡರ್ಸ್ ಪ್ರಾಂತದ ರೈತನೊಬ್ಬನ ಮಗ. ಮತ್ತೊಬ್ಬರು ಕಾಂಗೋ ದೇಶದ ಕಿನ್ಶಾಸದಿಂದ ಬಂದಿದ್ದ ಧರ್ಮಗುರು. 1960ರವರೆಗೂ ಕಾಂಗೋವನ್ನು ಆಳಿದ್ದು ಇದೇ ಬೆಲ್ಜಿಯಂ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು. ನಾವು ಮೂವರೂ ದಿನನಿತ್ಯ ಹಾದುಹೋಗುತ್ತಿದ್ದ ಲೂವೇನಿನ ಗ್ರಂಥಾಲಯದ ಕಟ್ಟಡವೇ ಒಂದು ಯುದ್ಧಸ್ಮಾರಕ. 1914ರ ಆಗಸ್ಟ್ 25ರ ರಾತ್ರಿ ಜರ್ಮನ್ ಸೈನ್ಯ ಹಳೆಯ ಗ್ರಂಥಾಲಯಕ್ಕೆ ಬೆಂಕಿಯಿಟ್ಟಿತು. ಲಕ್ಷಾಂತರ ಗ್ರಂಥಗಳು ಬೂದಿಯಾದವು. ಅಮೆರಿಕದ ನೆರವಿನಿಂದ ಎದ್ದ ಹೊಸ ಕಟ್ಟಡ 1928ರಲ್ಲಿ ತೆರೆಯಿತು; 1940ರ ಮೇ ತಿಂಗಳಲ್ಲಿ ಅದೂ ಸುಟ್ಟುಹೋಯಿತು. ತತ್ತ್ವಜ್ಞಾನಿ ಹುಸ್ಸರ್ಲರ ಹಸ್ತಪ್ರತಿಗಳನ್ನು ನಾತ್ಸಿಗಳ ಕೈಗೆ ಸಿಗದಂತೆ 1938ರಲ್ಲಿ ವಾನ್ ಬ್ರೇಡ ಎಂಬ ಫ್ರಾನ್ಸಿಸ್ಕನ್ ಗುರು ತಂದು ಕಾಪಾಡಿದ್ದೂ ಈ ಊರಿನಲ್ಲಿಯೇ. ಆ ಹುಸ್ಸರ್ಲರ ಕಿರಿಯ ಮಗ 1916ರಲ್ಲಿ ವೆರ್ದುನಿನ ರಣರಂಗದಲ್ಲಿ ಮಡಿದಿದ್ದ. ಇಂತಹ ಊರಿನಲ್ಲಿ ವಾಸಿಸುವವನಿಗೆ ಯುದ್ಧವೆಂಬುದು ಪಠ್ಯಪುಸ್ತಕದ ಸಂಗತಿಯಾಗಿ ಉಳಿಯುವುದಿಲ್ಲ.

ಶನಿವಾರ ಮಧ್ಯಾಹ್ನ ಈಪರ್ ನಗರವನ್ನು ಸೇರಿದೆವು. ಮಧ್ಯಯುಗದ ನಗರವೆಂದು ಪ್ರವಾಸಿಗರು ಬೆರಗಾಗುವ ಈಪರಿನ ಬಹುಭಾಗ ವಾಸ್ತವವಾಗಿ ಇಪ್ಪತ್ತನೆಯ ಶತಮಾನದ್ದು. ನಾಲ್ಕು ವರ್ಷಗಳ ಫಿರಂಗಿ ದಾಳಿಯಲ್ಲಿ ನೆಲಸಮವಾದ ಊರನ್ನು ಜನರು ಹಳೆಯ ರೂಪದಲ್ಲಿಯೇ ಮತ್ತೆ ಕಟ್ಟಿಕೊಂಡರು. ಸುತ್ತಲಿನ ಹೊಲಗಳಲ್ಲಿ ರೈತರು ಉಳುವಾಗ ಇಂದಿಗೂ ಸಿಡಿಯದ ಗುಂಡುಗಳು ಮೇಲೆ ಬರುತ್ತವೆ. ಅವನ್ನು ಎತ್ತಿ ರಸ್ತೆಯ ಬದಿಯ ಕಂಬದ ಬುಡದಲ್ಲಿಡುವುದು, ಸೈನ್ಯದವರು ಬಂದು ಒಯ್ಯುವುದು ಅಲ್ಲಿನ ವಾಡಿಕೆ. ಇದಕ್ಕೆ ಅವರು ಇಟ್ಟ ಹೆಸರು ಕಬ್ಬಿಣದ ಬೆಳೆ. ನಮ್ಮ ಸ್ನೇಹಿತನ ತಂದೆ ಬೀಟ್‌ರೂಟ್ ಇಳುವರಿಯ ವಿಚಾರ ಹೇಳುವಷ್ಟೇ ಸಹಜವಾಗಿ ಈ ಬೆಳೆಯ ವಿಚಾರವನ್ನೂ ಹೇಳಿದರು.

ಈಪರಿನ ಪೂರ್ವದ ಹೆಬ್ಬಾಗಿಲು ಮೆನಿನ್ ಗೇಟ್. 1927ರಲ್ಲಿ ಉದ್ಘಾಟನೆಗೊಂಡ ಈ ಕಮಾನಿನ ಗೋಡೆಗಳ ಮೇಲೆ, ಆ ರಣರಂಗದಲ್ಲಿ ಸತ್ತು ಸಮಾಧಿಯೂ ಸಿಗದೆ ಹೋದ 54,000ಕ್ಕೂ ಹೆಚ್ಚು ಸೈನಿಕರ ಹೆಸರುಗಳನ್ನು ಕೆತ್ತಲಾಗಿದೆ. ಪ್ರತಿದಿನ ರಾತ್ರಿ ಎಂಟು ಗಂಟೆಗೆ ರಸ್ತೆಯ ಸಂಚಾರ ನಿಲ್ಲಿಸಿ ಅಗ್ನಿಶಾಮಕ ದಳದ ಕಹಳೆಗಾರರು 'ಲಾಸ್ಟ್ ಪೋಸ್ಟ್' ನುಡಿಸುತ್ತಾರೆ. 1928ರಿಂದ, ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಊರನ್ನು ಆಳಿದ ವರ್ಷಗಳ ಹೊರತು, ಇದು ತಪ್ಪಿಲ್ಲ. ಬಸ್ಸುಗಳಲ್ಲಿ ಬಂದು ಚಾಕೊಲೇಟ್ ಅಂಗಡಿಗಳಲ್ಲಿ ತುಂಬಿಕೊಂಡಿದ್ದ ಪ್ರವಾಸಿಗರೂ ಆ ಒಂದೆರಡು ನಿಮಿಷ ನಿಶ್ಶಬ್ದರಾದುದನ್ನು ಕಂಡು ನನಗೆ ಸಮಾಧಾನವೆನಿಸಿತು.

ಆ ಗೋಡೆಯಲ್ಲಿ ನಾನೂರಕ್ಕೂ ಹೆಚ್ಚು ಭಾರತೀಯರ ಹೆಸರುಗಳಿವೆ. ಸಿಂಗ್, ಖಾನ್, ಗುರುಂಗ್, ಥಾಪಾ ಎಂದು ಓದುತ್ತಾ ಹೋದೆ. ಭಾರತೀಯ ಸೈನ್ಯದ ಲಾಹೋರ್ ಮತ್ತು ಮೀರತ್ ವಿಭಾಗಗಳು 1914ರ ಸೆಪ್ಟೆಂಬರ್ ಕೊನೆಯಿಂದ ಫ್ರಾನ್ಸಿನ ಮಾರ್ಸೆ ಬಂದರಿನಲ್ಲಿ ಇಳಿದವು. ಬಿಸಿಲು ನಾಡಿನ ಹತ್ತಿಯ ಸಮವಸ್ತ್ರದಲ್ಲಿಯೇ ಅನೇಕರು ಫ್ಲಾಂಡರ್ಸಿನ ಕೆಸರಿಗೆ, ಹಿಮಕ್ಕೆ ಬಂದರು. ಸಮೀಪದ ಡಿಕ್ಕೆಬುಶ್ ಎಂಬ ಹಳ್ಳಿಯ ಸಹಾಯಕ ಗುರು ವಾನ್ ವಾಲೆಗೆಂ ಯುದ್ಧಕಾಲದ ದಿನಚರಿಯೊಂದನ್ನು ಬರೆದಿಟ್ಟಿದ್ದಾರೆ. ತಮ್ಮ ಧರ್ಮಕೇಂದ್ರದಲ್ಲಿ ಬೀಡುಬಿಟ್ಟ ಭಾರತೀಯರ ಪೇಟ, ಅವರು ಸುಡುತ್ತಿದ್ದ ರೊಟ್ಟಿ, ಅವರ ಸೌಜನ್ಯ ಮತ್ತು ಕುತೂಹಲ ಎಲ್ಲವೂ ಅದರಲ್ಲಿ ದಾಖಲಾಗಿವೆ. ಹಳ್ಳಿಯ ಪಾದ್ರಿಗಳು ಕಂಡದ್ದನ್ನು ಬರೆದಿಡುವ ಅಭ್ಯಾಸ ನಮ್ಮಲ್ಲಿಯೂ ಸ್ವಲ್ಪ ಬೆಳೆದಿದ್ದರೆ ಎಷ್ಟು ಚೆನ್ನಾಗಿತ್ತು!

ಸೈನಿಕರೂ ಊರಿಗೆ ಪತ್ರ ಬರೆಯುತ್ತಿದ್ದರು, ಅಕ್ಷರ ಬಾರದವರು ಬರೆಸುತ್ತಿದ್ದರು. ಸೇನೆಯ ಅಧಿಕಾರಿಗಳು ಆ ಪತ್ರಗಳನ್ನು ತೆರೆದು ಓದಿ, ಭಾಗಗಳನ್ನು ಇಂಗ್ಲಿಷಿಗೆ ಅನುವಾದಿಸಿ ಇಟ್ಟುಕೊಂಡರು. ಆ ಕಡತಗಳು ಇಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಓದುವವರ ಕಣ್ಣು ತಪ್ಪಿಸಲು ಸೈನಿಕರು ಸಂಕೇತಗಳನ್ನು ಕಂಡುಕೊಂಡಿದ್ದರು. ಕರಿಮೆಣಸು ಎಂದರೆ ಭಾರತೀಯ ಸೈನಿಕರು, ಕೆಂಪು ಮೆಣಸು ಎಂದರೆ ಬಿಳಿಯರು. ಕರಿಮೆಣಸು ಮುಗಿಯುತ್ತಾ ಬಂದಿದೆ ಎಂದು ಮನೆಗೆ ಬರೆದರೆ ಅಲ್ಲಿ ಅರ್ಥವಾಗುತ್ತಿತ್ತು. ಮೆಣಸಿನ ಬಳ್ಳಿಯ ನಾಡಿನವರಾದ ನಮಗೆ ಈ ಮಾತನ್ನು ಯಾರೂ ವಿವರಿಸಬೇಕಾಗಿಲ್ಲ.

ಕಹಳೆ ನಿಂತ ಮೇಲೆ ಕಾಂಗೋದ ಗುರುಗಳು ಬಹಳ ಹೊತ್ತು ಗೋಡೆಯನ್ನೇ ನೋಡುತ್ತಿದ್ದರು. ಬಳಿಕ, "ಫಾದರ್, ನಿಮ್ಮವರು ಇಲ್ಲಿದ್ದಾರೆ. ನಮ್ಮವರು ಎಲ್ಲಿದ್ದಾರೆ?" ಎಂದು ಕೇಳಿದರು. ಪೂರ್ವ ಆಫ್ರಿಕದಲ್ಲಿ ಜರ್ಮನರ ವಿರುದ್ಧ ಬೆಲ್ಜಿಯಂ ನಡೆಸಿದ ದಂಡಯಾತ್ರೆಯಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಆಫ್ರಿಕನ್ನರು ಹೊರೆಯಾಳುಗಳಾಗಿ ದುಡಿದರು. ಮದ್ದುಗುಂಡು, ಅಕ್ಕಿಮೂಟೆ, ಬಿಚ್ಚಿದ ಫಿರಂಗಿಯ ಭಾಗಗಳು ಎಲ್ಲವೂ ಅವರ ತಲೆಯ ಮೇಲೆಯೇ ಸಾಗಿದವು. ಗುಂಡಿಗಿಂತ ಹೆಚ್ಚಾಗಿ ಹಸಿವು, ರೋಗ, ದಣಿವು ಅವರನ್ನು ಕೊಂದವು. 1916ರ ಸೆಪ್ಟೆಂಬರಿನಲ್ಲಿ ತಬೋರಾ ನಗರ ವಶವಾದಾಗ ಬೆಲ್ಜಿಯಂ ಸಂಭ್ರಮಿಸಿತು. ನಮ್ಮ ಫ್ಲೆಮಿಷ್ ಸ್ನೇಹಿತ ತಲೆ ತಗ್ಗಿಸಿ, ತಾನು ಓದಿದ ಶಾಲೆಯಲ್ಲಿ ತಬೋರಾದ ಹೆಸರು ಕಲಿಸಿದ್ದರು, ಹೊರೆಯಾಳುಗಳ ವಿಚಾರ ಹೇಳಿರಲಿಲ್ಲ ಎಂದ.

ಮರುದಿನ ಭಾನುವಾರ; ಯುದ್ಧವಿರಾಮದ ದಿನವೂ ಸಂತ ಮಾರ್ಟಿನರ ಹಬ್ಬವೂ ಕೂಡಿಬಂದಿತ್ತು. ಆಯುಧ ತ್ಯಜಿಸಿದ ಸೈನಿಕನ ಹಬ್ಬದಂದೇ 1918ರಲ್ಲಿ ಫಿರಂಗಿಗಳು ಮೌನವಾದದ್ದು ಕಾಕತಾಳೀಯವಾದರೂ ಗಮನಿಸತಕ್ಕದ್ದು. ಬೆಳಗಿನ ಬಲಿಪೂಜೆಯ ನಂತರ ಸ್ನೇಹಿತನ ಸಣ್ಣ ಕಾರಿನಲ್ಲಿ ದಕ್ಷಿಣಕ್ಕೆ ಹೊರಟೆವು. ಶೆಂಗೆನ್ ಒಪ್ಪಂದ 1995ರಲ್ಲಿ ಜಾರಿಗೆ ಬಂದ ಮೇಲೆ ಅಲ್ಲಿ ಗಡಿ ಎಂದರೆ ಒಂದು ನೀಲಿ ಫಲಕ, ಮುಚ್ಚಿದ ಸುಂಕದ ಕಟ್ಟೆ ಅಷ್ಟೆ. ಆದರೆ ಅಮೆರಿಕದ ಮೇಲೆ ಸೆಪ್ಟೆಂಬರ್ 11ರ ದಾಳಿ ನಡೆದು ಎರಡೇ ತಿಂಗಳಾಗಿತ್ತು. ಕಿನ್ಶಾಸದ ಗುರುಗಳು ಗಡಿ ಸಮೀಪಿಸಿದಾಗ ಕಿಸೆಯಲ್ಲಿದ್ದ ವಾಸ್ತವ್ಯದ ಚೀಟಿಯನ್ನು ಎರಡು ಬಾರಿ ಮುಟ್ಟಿ ನೋಡಿಕೊಂಡರು. ನಾನೂ ಮುಟ್ಟಿ ನೋಡಿಕೊಂಡೆ. ಕಾರು ನಡೆಸುತ್ತಿದ್ದವನು ಇದನ್ನು ಗಮನಿಸಲೇ ಇಲ್ಲ; ಗಡಿ ಇದೆ ಎಂಬುದೇ ಅವನಿಗೆ ನೆನಪಿರಲಿಲ್ಲ. 1914ರಲ್ಲಿ ಬಂದ ನಮ್ಮ ಸಿಪಾಯಿಗಳಿಗೆ ಮಾತ್ರ ಯಾರೂ ವೀಸಾ ಕೇಳಿರಲಿಲ್ಲ.

ನವ್ ಶಾಪೆಲ್ ಸಣ್ಣ ಹಳ್ಳಿ. 1915ರ ಮಾರ್ಚ್ 10ರಿಂದ 13ರವರೆಗೆ ಇಲ್ಲಿ ನಡೆದ ಕದನದಲ್ಲಿ ದಾಳಿಗಿಳಿದ ಸೈನ್ಯದ ಅರ್ಧದಷ್ಟು ಭಾರತೀಯರು. ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿ ಸತ್ತರು ಅಥವಾ ಗಾಯಗೊಂಡರು. ಗೆದ್ದ ನೆಲ ಎರಡು ಕಿಲೋಮೀಟರಿನಷ್ಟೂ ಇಲ್ಲ. ಹಳ್ಳಿಯ ಹೊರಗೆ, ರಸ್ತೆಗಳು ಕೂಡುವಲ್ಲಿ, ಹೊಲಗಳ ನಡುವೆ ಭಾರತೀಯ ಸ್ಮಾರಕವಿದೆ. ನವದೆಹಲಿಯ ಸಚಿವಾಲಯ ಕಟ್ಟಡಗಳನ್ನು ರೂಪಿಸಿದ ಹರ್ಬರ್ಟ್ ಬೇಕರ್ ಇದರ ಶಿಲ್ಪಿ. ವೃತ್ತಾಕಾರದ ಆವರಣ, ಮುಂಭಾಗದಲ್ಲಿ ಅಶೋಕಸ್ತಂಭವನ್ನು ನೆನಪಿಸುವ, ಕಮಲದ ಶಿರವುಳ್ಳ ಸುಮಾರು 15 ಮೀಟರ್ ಎತ್ತರದ ಕಂಬ, ಇಕ್ಕೆಲಗಳಲ್ಲಿ ಕಲ್ಲಿನ ಹುಲಿಗಳು, ಸಾಂಚಿಯ ಮಾದರಿಯ ಕಲ್ಲಿನ ಜಾಲರಿ. ದೇವರು ಒಬ್ಬನೇ, ಜಯವು ಆತನದೇ ಎಂಬ ಅರ್ಥದ ಮಾತು ಕಂಬದ ಬುಡದಲ್ಲಿ ಇಂಗ್ಲಿಷಿನೊಂದಿಗೆ ಅರಬ್ಬೀ, ಹಿಂದಿ, ಗುರುಮುಖಿ ಲಿಪಿಗಳಲ್ಲಿದೆ. 1927ರ ಅಕ್ಟೋಬರ್ 7ರ ಉದ್ಘಾಟನೆಗೆ ಫ್ರಾನ್ಸಿನ ಮಹಾದಂಡನಾಯಕ ಫೋಷ್ ಬಂದಿದ್ದರು. ಕವಿ ಕಿಪ್ಲಿಂಗ್ ಕೂಡ ಬಂದಿದ್ದರು. ಅವರ ಒಬ್ಬನೇ ಮಗ ಅಲ್ಲಿಂದ ಹೆಚ್ಚು ದೂರವಿಲ್ಲದ ಲೂಸ್‌ನಲ್ಲಿ 1915ರಲ್ಲಿ ಕಾಣೆಯಾಗಿದ್ದ. ತಂದೆ ಬದುಕಿರುವವರೆಗೂ ಮಗನ ಶವ ದೊರೆಯಲಿಲ್ಲ.

ಹಿಂಭಾಗದ ಅರ್ಧವೃತ್ತದ ಗೋಡೆಯ ಮೇಲೆ 4,700ರಷ್ಟು ಹೆಸರುಗಳು. ದಾಳಿಯ ಮೊದಲ ದಿನವೇ ಮಡಿದು ವಿಕ್ಟೋರಿಯಾ ಕ್ರಾಸ್ ಪದಕ ಪಡೆದ ಗಬ್ಬರ್ ಸಿಂಗ್ ನೇಗಿ ಅಲ್ಲಿದ್ದಾರೆ. ಗಢವಾಲದ ಚಂಬಾದಲ್ಲಿ ಇಂದಿಗೂ ಅವರ ಹೆಸರಿನ ಮೇಳ ನಡೆಯುತ್ತದೆ. ಆದರೆ ನನ್ನನ್ನು ತಡೆದು ನಿಲ್ಲಿಸಿದವರು ಪದಕ ಪಡೆದವರಲ್ಲ. ಹೇಸರಗತ್ತೆಗಳನ್ನು ಹೊಡೆಯುತ್ತಿದ್ದವರು, ಡೋಲಿ ಹೊರುತ್ತಿದ್ದವರು, ಕೂಲಿಯಾಳುಗಳು. ಊರಿನಲ್ಲಿ ಯಾರೂ ಬಹುವಚನದಲ್ಲಿ ಕರೆಯದಿದ್ದ ಜನ ಇಲ್ಲಿ ಸುಬೇದಾರರ ಗೋಡೆಯಲ್ಲಿಯೇ ಸ್ಥಾನ ಪಡೆದಿದ್ದಾರೆ. ಸೆಮಿನರಿಯ ತರ್ಕಶಾಸ್ತ್ರದಲ್ಲಿ ಒಂದು ಹಳೆಯ ಪಾಠವುಂಟು: ವರ್ಗಕ್ಕೆ ಲಕ್ಷಣ ಹೇಳಬಹುದು, ವ್ಯಕ್ತಿಗೆ ಲಕ್ಷಣ ಹೇಳಲಾಗದು, ಹೆಸರು ಹಿಡಿದು ಕರೆಯಬಹುದಷ್ಟೆ. ಪರೀಕ್ಷೆಗೆಂದು ಕಂಠಪಾಠ ಮಾಡಿದ್ದ ಆ ವಾಕ್ಯ ಆ ಗೋಡೆಯ ಮುಂದೆ ನಿಂತಾಗ ನನಗೆ ಅರ್ಥವಾಯಿತು.

ರಸ್ತೆಯ ಎದುರು ಬದಿಯಲ್ಲಿಯೇ ಪೋರ್ಚುಗೀಸ್ ಸೈನಿಕರ ಸಮಾಧಿಗಳಿವೆ, 1,800ಕ್ಕೂ ಹೆಚ್ಚು. ಅವರಲ್ಲಿ ಅನೇಕರು 1918ರ ಏಪ್ರಿಲಿನ ಕದನದಲ್ಲಿ ಮಡಿದವರು. ಸಮೀಪದಲ್ಲಿ ಫಾತಿಮಾ ಮಾತೆಯ ಸಣ್ಣ ಪ್ರಾರ್ಥನಾಲಯ. ಗೋವೆಯಿಂದ ಕರಾವಳಿಗೆ ಬಂದ ಮನೆತನಗಳ ಅಡ್ಡಹೆಸರುಗಳನ್ನೇ ಆ ಕಲ್ಲುಗಳ ಮೇಲೆ ಓದಿದಾಗ ನಮ್ಮೂರಿನ ಸ್ಮಶಾನದಲ್ಲಿ ನಿಂತಂತೆನಿಸಿತು.

ಇನ್ನು ಹೇಳಬೇಕಾದುದು ಮುಖ್ಯವಾದದ್ದು. ಫ್ರಾನ್ಸಿನಲ್ಲಿ ಬದುಕುಳಿದ ಭಾರತೀಯ ಪದಾತಿ ದಳಗಳನ್ನು 1915ರ ಕೊನೆಗೆ ಮೆಸೊಪೊಟೇಮಿಯಕ್ಕೆ, ಅಂದರೆ ಇಂದಿನ ಇರಾಕಿಗೆ, ಸಾಗಿಸಲಾಯಿತು. ಬೆಂಗಳೂರಿನಲ್ಲಿ ನೆಲೆಯಿದ್ದ ಮದ್ರಾಸ್ ಸ್ಯಾಪರ್ಸ್ ದಳದವರೂ ಅಲ್ಲಿ ಹೋರಾಡಿದರು. (ಮೈಸೂರಿನ ಅಶ್ವದಳ 1918ರಲ್ಲಿ ಕೀರ್ತಿ ಪಡೆದ ಹೈಫಾ ಬೇರೆಯೇ ರಂಗ.) ಮೆಸೊಪೊಟೇಮಿಯದಲ್ಲಿ ಸತ್ತು ಸಮಾಧಿ ಕಾಣದವರಿಗಾಗಿ ಬಸ್ರಾದಲ್ಲಿ ಸ್ಮಾರಕ ಎದ್ದಿತು. ಆ ಗೋಡೆಯ ಮೇಲೆ ಬ್ರಿಟಿಷ್ ಸೈನಿಕರೆಲ್ಲರ ಹೆಸರುಗಳಿವೆ, ಭಾರತೀಯ ಅಧಿಕಾರಿಗಳ ಹೆಸರುಗಳಿವೆ. ಸಾಮಾನ್ಯ ಭಾರತೀಯ ಸಿಪಾಯಿಗಳಿಗೆ ಮಾತ್ರ ಆಯಾ ದಳದ ಕೆಳಗೆ ಒಂದು ಸಂಖ್ಯೆ. ಒಂದೇ ಹಳ್ಳಿಯಿಂದ ಒಟ್ಟಿಗೆ ಹೊರಟ ಇಬ್ಬರಲ್ಲಿ ಮಾರ್ಚಿನಲ್ಲಿ ಫ್ರಾನ್ಸಿನಲ್ಲಿ ಸತ್ತವನಿಗೆ ಹೆಸರುಂಟು, ಮರುವರ್ಷ ಟೈಗ್ರಿಸ್ ದಂಡೆಯಲ್ಲಿ ಸತ್ತವನು ಲೆಕ್ಕಕ್ಕೆ ಒಬ್ಬ. ಯುರೋಪಿನ ಜನ ನೋಡುವಲ್ಲಿ ಹೆಸರು, ನೋಡದಲ್ಲಿ ಸಂಖ್ಯೆ ಎಂದರೆ ಕಠಿಣವಾದೀತು, ಸುಳ್ಳಾಗದು. ಪೂರ್ವ ಆಫ್ರಿಕದ ಬ್ರಿಟಿಷ್ ಹೊರೆಯಾಳುಗಳಿಗೆ ಅಷ್ಟೂ ಇಲ್ಲ. ನೈರೋಬಿಯ ಸ್ಮಾರಕದಲ್ಲಿ ಅವರನ್ನು ಸೈನ್ಯದ ಕೈಕಾಲುಗಳೆಂದು ಹೊಗಳಲಾಗಿದೆ. ಕೈಕಾಲುಗಳಿಗೆ ಹೆಸರಿಡುವ ಪದ್ಧತಿ ಎಲ್ಲಿಯೂ ಇಲ್ಲವಷ್ಟೆ.

ಈ ಸಂಗತಿ ವಿದ್ವಾಂಸರ ವಲಯದಲ್ಲಿಯೇ ಉಳಿದಿತ್ತು. 2021ರ ಏಪ್ರಿಲಿನಲ್ಲಿ, ಈ ಸ್ಮಾರಕಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ ತಾನೇ ನೇಮಿಸಿದ ಸಮಿತಿಯ ವರದಿಯನ್ನು ಪ್ರಕಟಿಸಿ ಕ್ಷಮೆ ಕೇಳಿತು. ಮೊದಲನೆಯ ಮಹಾಯುದ್ಧದಲ್ಲಿ ಮಡಿದ ಆಫ್ರಿಕ, ಭಾರತ ಮೊದಲಾದೆಡೆಯ 45,000ದಿಂದ 54,000 ಮಂದಿಯನ್ನು ಇತರರಿಗೆ ಸಮನಾಗಿ ಸ್ಮರಿಸಲಾಗಿಲ್ಲ. ಕನಿಷ್ಠ 1,16,000 ಮಂದಿ, ಪ್ರಾಯಶಃ 3,50,000ದವರೆಗೆ, ಹೆಸರಿನಿಂದ ಸ್ಮರಣೆಗೊಂಡಿಲ್ಲ ಅಥವಾ ಸ್ಮರಣೆಗೇ ಒಳಗಾಗಿಲ್ಲ ಎಂದು ವರದಿ ಒಪ್ಪಿಕೊಂಡಿತು. ಕಿನ್ಶಾಸಕ್ಕೆ ಮರಳಿ ಅಲ್ಲಿ ಬೋಧಿಸುತ್ತಿರುವ ನನ್ನ ಸ್ನೇಹಿತರಿಗೆ ವರದಿಯ ಸುದ್ದಿಯನ್ನು ಬರೆದೆ. ಬ್ರಿಟನ್ ಎಣಿಸಲಾದರೂ ಪ್ರಾರಂಭಿಸಿತಲ್ಲ, ಬೆಲ್ಜಿಯಂನ ಸರದಿಯನ್ನು ಕಾಯುತ್ತಿದ್ದೇನೆ ಎಂದು ಅವರು ಉತ್ತರಿಸಿದರು.

ಬೆಲ್ಜಿಯಂನಲ್ಲಿಯೋ ಉತ್ತರ ಫ್ರಾನ್ಸಿನಲ್ಲಿಯೋ ಮಕ್ಕಳಿರುವ ಓದುಗರು ಈ ಸ್ಥಳದ ಹೆಸರನ್ನು ಅವರಿಗೆ ತಿಳಿಸಬಹುದು. ಈಪರಿನಿಂದ ಕಾರಿನಲ್ಲಿ ಗಂಟೆಯೊಳಗಿನ ದಾರಿ, ಪ್ರವೇಶಕ್ಕೆ ಶುಲ್ಕವಿಲ್ಲ. ಅಜ್ಜನೋ ಮುತ್ತಜ್ಜನೋ ಆ ಯುದ್ಧಕ್ಕೆ ಹೋಗಿ ಮರಳಲಿಲ್ಲವೆಂಬ ಮಾತು ಮನೆಯಲ್ಲಿ ಉಳಿದಿದ್ದರೆ, ಆಯೋಗದ ದಾಖಲೆಗಳಲ್ಲಿ ಹೆಸರು ಮತ್ತು ದಳದ ಆಧಾರದಿಂದ ಹುಡುಕಲು ಸಾಧ್ಯವಿದೆ. ಇಂಗ್ಲಿಷ್ ಗುಮಾಸ್ತರು ಕೇಳಿದಂತೆ ಬರೆದುಕೊಂಡ ಹೆಸರುಗಳಾದುದರಿಂದ ಕಾಗುಣಿತವನ್ನು ನಾಲ್ಕಾರು ವಿಧದಲ್ಲಿ ಬದಲಿಸಿ ನೋಡಬೇಕಾಗುತ್ತದೆ.