ಫಿಲ್ಸ್ ಎಂದರೆ ಚಿಲ್ಲರೆಯಲ್ಲ: ಕುವೈತ್‌ನಲ್ಲಿ ಹುಡುಗರ ಮೊದಲ ಸಂತೆ

ಊರಲ್ಲಿದ್ದಾಗ ಒಂದು ಕಿಲೋ ಈರುಳ್ಳಿಯನ್ನೂ ಆರಿಸಿ ತಂದವರಲ್ಲ, ಅದೆಲ್ಲ ಅಮ್ಮನ ಪಾಲು. ಅಂಥ ಇಪ್ಪತ್ತೆರಡು, ಇಪ್ಪತ್ಮೂರರ ಹುಡುಗರು ಕುವೈತ್‌ಗೆ ಬಂದಿಳಿದ ವಾರದೊಳಗೆ ತಮ್ಮ ಅಡುಗೆಯ ಸಾಮಾನನ್ನು ತಾವೇ ತರಬೇಕಾಗುತ್ತದೆ. ಡ್ಯೂಟಿ ಕಲಿಸಲು ಕಂಪನಿಯಲ್ಲಿ ಜನರಿದ್ದಾರೆ. ಸಂತೆ ಕಲಿಸುವವರು ಅಬ್ಬಾಸಿಯಾ, ಫರ್ವಾನಿಯಾ, ಮಂಗಾಫ್, ಫಹಾಹೀಲ್‌ಗಳ ಬ್ಯಾಚುಲರ್ ಕೋಣೆಗಳಲ್ಲಿರುವ ಹಿರಿಯ ರೂಮ್‌ಮೇಟ್‌ಗಳು ಮಾತ್ರ.

ಮೊದಲ ತೊಡಕು ಹಣದ ಲೆಕ್ಕ. ಒಂದು ದಿನಾರ್‌ಗೆ 1,000 ಫಿಲ್ಸ್. ಹಾಗಾಗಿ ಬೆಲೆ ಚೀಟಿಯಲ್ಲಿ ಚುಕ್ಕೆಯ ನಂತರ ಮೂರು ಅಂಕಿ: 0.250 ಎಂದರೆ 250 ಫಿಲ್ಸ್. ನೋಡಲು ಚಿಲ್ಲರೆ. ಆದರೆ ದಿನಾರ್ ಈಗ 270 ರೂಪಾಯಿಗೂ ಮೇಲಿದೆ, ಅಂದರೆ ಅದು ಸುಮಾರು 70 ರೂಪಾಯಿ. ಡ್ಯೂಟಿ ಮುಗಿಸಿ ಬರುವಾಗ ದಿನವೂ ಒಂದು ಜ್ಯೂಸ್, ಒಂದು ಚಿಪ್ಸ್ ಪೊಟ್ಟಣ ಎಂದು 500 ಫಿಲ್ಸ್ ಕೊಟ್ಟರೆ ತಿಂಗಳಿಗೆ 15 ದಿನಾರ್ ಹೋಯಿತು. ನಾಲ್ಕು ಸಾವಿರ ರೂಪಾಯಿಗೂ ಹೆಚ್ಚು! ಖಾಸಗಿ ವಲಯದ ಕನಿಷ್ಠ ವೇತನ 75 ದಿನಾರ್. ಅಷ್ಟೇ ಪಡೆಯುವವನಿಗೆ ಇದು ಸಂಬಳದ ಐದನೇ ಒಂದು ಪಾಲು.

ಇದಕ್ಕೆ ತೀರಾ ವಿರುದ್ಧದವರೂ ಇದ್ದಾರೆ. ಪ್ರತಿಯೊಂದನ್ನೂ ರೂಪಾಯಿಗೆ ಗುಣಿಸಿ, ‘ಟೊಮೆಟೊಗೆ ಇಷ್ಟಾ?’ ಎಂದು ಬುಟ್ಟಿ ಕೆಳಗಿಟ್ಟು, ಕುಬ್ಬೂಸ್ ಮತ್ತು ಚಹಾದಲ್ಲೇ ದಿನ ದೂಡುವವರು. ಕುಬ್ಬೂಸ್ ಅಗ್ಗವೇನೋ ಹೌದು. 1961ರಲ್ಲಿ ಶುರುವಾದ ಕುವೈತ್ ಫ್ಲೋರ್ ಮಿಲ್ಸ್ ಆ್ಯಂಡ್ ಬೇಕರೀಸ್ ಕಂಪನಿ ಸರ್ಕಾರದ ಸಹಾಯಧನದಲ್ಲಿ ತಯಾರಿಸುವ ರೊಟ್ಟಿಯ ಕಟ್ಟಿಗೆ ಬಹುಕಾಲದಿಂದ 50 ಫಿಲ್ಸ್. ಆದರೆ 45 ಡಿಗ್ರಿ ದಾಟುವ ಬೇಸಿಗೆಯಲ್ಲಿ ಅದೊಂದನ್ನೇ ತಿಂದು ಮೈಮುರಿದು ದುಡಿಯಲಾಗದು. ಮೊದಲ ತಿಂಗಳೇ ಮಗನಿಂದ ತೀರಾ ದೊಡ್ಡ ಮೊತ್ತ ಬಂದರೆ, ಖುಷಿಪಡುವ ಮುಂಚೆ ಅವನು ಏನು ಉಣ್ಣುತ್ತಿದ್ದಾನೆ ಎಂದು ಫೋನಿನಲ್ಲಿ ಕೇಳಿ.

ಎಲ್ಲಿ ಕೊಳ್ಳಬೇಕು ಎಂಬುದು ಇನ್ನೊಂದು ಪಾಠ. ಕಟ್ಟಡದ ಕೆಳಗಿರುವ ಪುಟ್ಟ ದಿನಸಿ ಅಂಗಡಿ ‘ಬಕಾಲಾ’. ಪರಿಚಯವಾದರೆ ಸಾಲ ಬರೆದುಕೊಳ್ಳುವವರೂ ಇದ್ದಾರೆ. ಅನುಕೂಲವೂ ಅದೇ, ಅಪಾಯವೂ ಅದೇ. ಬಡಾವಣೆಗಳಲ್ಲಿರುವ ಸಹಕಾರಿ ಸಂಘಕ್ಕೆ ‘ಜಮೀಯಾ’ ಎನ್ನುತ್ತಾರೆ. ಮೊದಲನೆಯದು 1962ರಲ್ಲಿ ಕೈಫಾನ್‌ನಲ್ಲಿ ಆರಂಭವಾಯಿತು. ಷೇರು, ಲಾಭಾಂಶ ಕುವೈತಿ ಪ್ರಜೆಗಳಿಗೆ ಮಾತ್ರ, ಆದರೆ ಸಾಮಾನು ಯಾರು ಬೇಕಾದರೂ ಕೊಳ್ಳಬಹುದು. ಹೈಪರ್‌ಮಾರ್ಕೆಟ್‌ಗಳಲ್ಲಿ ಆಫರ್ ನೋಡಿಕೊಂಡು ಅಕ್ಕಿ, ಎಣ್ಣೆ, ಬೇಳೆ ತರುವುದು ರೂಢಿ. ತರಕಾರಿಗೆ ಸುಲೈಬಿಯಾದ ಫುರ್ದಾ ಸಗಟು ಮಾರುಕಟ್ಟೆ ಇದೆ. ಅಲ್ಲಿ ಪೆಟ್ಟಿಗೆ ಲೆಕ್ಕದ ವ್ಯಾಪಾರ. ಮೂರ್ನಾಲ್ಕು ಕೋಣೆಯವರು ಸೇರಿ ಹೋದರೆ ಲಾಭ. ಒಬ್ಬನೇ ಹೋದರೆ ಉಳಿಸಿದ್ದೆಲ್ಲ ಟ್ಯಾಕ್ಸಿಗೆ!

ಓದುವುದನ್ನೂ ಹೊಸದಾಗಿ ಕಲಿಯಬೇಕು. ಕೈಬರಹದ ಬೆಲೆ ಫಲಕಗಳಲ್ಲಿ ಅರಬ್ಬಿ ಅಂಕಿಗಳಿರುತ್ತವೆ. ಅರಬ್ಬಿಯ ಐದು ನಮ್ಮ ಸೊನ್ನೆಯಂತೆ ಕಾಣುತ್ತದೆ, ಅದರ ಸೊನ್ನೆ ಬರೀ ಚುಕ್ಕೆ, ಆರು ಇಂಗ್ಲಿಷಿನ ಏಳರ ಹಾಗೆ. ‘ಐಶ್’ ಎಂದರೆ ಕುವೈತಿಯ ಬಾಯಲ್ಲಿ ಅಕ್ಕಿ, ಈಜಿಪ್ಟಿನವನ ಬಾಯಲ್ಲಿ ರೊಟ್ಟಿ.

ಇಷ್ಟೆಲ್ಲ ಕಲಿತರೂ ಬೆಲೆ ನಮ್ಮ ಕೈಯಲ್ಲಿಲ್ಲ. ಕರಾವಳಿಯ ಹುಡುಗರಿಗೆ ಕುಚ್ಚಲಕ್ಕಿ ಬೇಕೇ ಬೇಕು. 2023ರ ಆಗಸ್ಟ್‌ನಲ್ಲಿ ಭಾರತ ಕುಚ್ಚಲಕ್ಕಿ ರಫ್ತಿಗೆ ಶೇ 20 ಸುಂಕ ಹಾಕಿತು; ಅದು ಪೂರ್ತಿ ಹೋದದ್ದು 2024ರ ಅಕ್ಟೋಬರ್‌ನಲ್ಲಿ. ನಡುವೆ, 2023ರ ಡಿಸೆಂಬರ್‌ನಿಂದ 2024ರ ಮೇವರೆಗೆ ಈರುಳ್ಳಿ ರಫ್ತಿಗೂ ನಿಷೇಧವಿತ್ತು. ಊರಲ್ಲಿ ಬೆಲೆ ಇಳಿಯಲೆಂದು ದೆಹಲಿಯಲ್ಲಿ ಆಗುವ ತೀರ್ಮಾನದ ಬಿಸಿ ಕೊಲ್ಲಿಯ ಮೆಸ್ಸಿಗೆ ತಟ್ಟುತ್ತದೆ.

ಈ ಖರ್ಚು ತುಸು ಇಳಿಸಲು ರಜೆ ಮುಗಿಸಿ ಹೊರಡುವವನ ಚೀಲಕ್ಕೆ ಮನೆಯವರು ಏನು ತುಂಬಬೇಕು? ಅಕ್ಕಿ, ಬೇಳೆ ಇಲ್ಲೇ ಸಿಗುತ್ತವೆ, ಅವುಗಳ ತೂಕ ದಂಡ. ಮನೆಯಲ್ಲೇ ಹುರಿದು ಕುಟ್ಟಿದ ಸಾರಿನ ಪುಡಿ, ಮೀನಿನ ಮಸಾಲೆ, ಒಣ ಮೆಣಸು, ಹುಣಸೆಹಣ್ಣು ಇವು ತಿಂಗಳುಗಟ್ಟಲೆ ಬರುತ್ತವೆ, ಹೋಟೆಲ್ ಊಟದ ಆಸೆಯನ್ನೂ ತಡೆಯುತ್ತವೆ. ಗಸಗಸೆಯನ್ನು ಮಾತ್ರ ಹಾಕಲೇಬೇಡಿ, ಮಸಾಲೆಗೆ ಬೆರೆಸಿಯೂ ಕೊಡಬೇಡಿ. ಕೊಲ್ಲಿಯ ಹಲವು ದೇಶಗಳಲ್ಲಿ ಅದು ಮಾದಕ ವಸ್ತುವಿನ ಸಾಲಿನಲ್ಲಿದೆ. ಸಿಕ್ಕಿಬಿದ್ದರೆ ವಿಮಾನ ನಿಲ್ದಾಣದಿಂದ ನೇರ ಜೈಲು.